ಗಾಣಗಾಪುರದ ಮಧುಕರಿ

ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿನ ಗಾಣಗಾಪುರಕ್ಕೆ ಬರುವ ದತ್ತಭಕ್ತರಲ್ಲಿ ಬಹಳಷ್ಟು ಮಂದಿ ಪಾದುಕೆಯ ದರ್ಶನ ಮುಗಿಸಿ ಹಾಗೆಯೇ ಊರಿಗೆ ಮರಳುವುದಿಲ್ಲ. ನಡುಹಗಲಿನಲ್ಲಿ ಜೋಳಿಗೆ ಹಿಡಿದು, ಕನಿಷ್ಠ ಐದು ಮನೆಗಳ ಮುಂದೆ ನಿಂತು ಭಿಕ್ಷೆ ಬೇಡಿ, ಬಿದ್ದಷ್ಟನ್ನೇ ಪ್ರಸಾದವೆಂದು ಉಂಡು ಹೊರಡುತ್ತಾರೆ. ಇದೇ ಅಲ್ಲಿಯ ಮಧುಕರಿ. ಭೀಮಾ ಮತ್ತು ಅಮರ್ಜಾ ನದಿಗಳು ಕೂಡುವ ಈ ಊರಿನಲ್ಲಿ ದತ್ತನ ಅವತಾರವೆಂದು ಭಕ್ತರು ನಂಬುವ, 14-15ನೆಯ ಶತಮಾನದ ನರಸಿಂಹ ಸರಸ್ವತಿಗಳು ಬಹುಕಾಲ ನೆಲೆಸಿದ್ದರು. ಶ್ರೀಶೈಲಕ್ಕೆ ಹೊರಡುವ ಮುನ್ನ ತಮ್ಮ ನಿರ್ಗುಣ ಪಾದುಕೆಗಳನ್ನು ಇಲ್ಲಿಯೇ ಬಿಟ್ಟರು ಎಂಬುದು ಪರಂಪರೆಯ ಮಾತು. ದತ್ತನು ಇಂದಿಗೂ ಮಧ್ಯಾಹ್ನದ ಹೊತ್ತಿಗೆ ಯಾವುದಾದರೊಂದು ವೇಷದಲ್ಲಿ ಇಲ್ಲಿ ಭಿಕ್ಷೆಗೆ ಬರುತ್ತಾನೆಂದು ಜನ ನಂಬುವುದರಿಂದ, ನೀಡುವವರು ಬಂದವರ ಮುಖ ನೋಡುವುದಿಲ್ಲ, ಊರು ಕೇಳುವುದಿಲ್ಲ.

ನಾನು ಸರ್ಕಾರಿ ನೌಕರಿಯಿಂದ ನಿವೃತ್ತನಾದವನು. ನನ್ನ ಸಹಿಗಾಗಿ ಜನ ಮೇಜಿನ ಮುಂದೆ ನಿಂತು ಕಾಯುತ್ತಿದ್ದ ದಿನಗಳು ಬಹಳ ವರ್ಷ ನಡೆದವು. ನಿವೃತ್ತಿಯಾದ ಮೇಲೆ ಪ್ರವಚನಗಳಿಗೆ ಹೋಗುವ ರೂಢಿಯಾಯಿತು. ಅಹಂಕಾರ ಅಳಿಯಬೇಕು, ಆಗಲೇ ಅರಿವು ಮೂಡುತ್ತದೆ ಎಂಬ ಮಾತನ್ನು ಕೇಳಿ ಕೇಳಿ, ಆ ವಿಷಯದ ಮೇಲೆ ಅರ್ಧ ಗಂಟೆ ನಾನೇ ನಿರರ್ಗಳವಾಗಿ ಮಾತನಾಡುವಷ್ಟು ಪಳಗಿದ್ದೆ. ಮನೆಗೆ ಬಂದವರ ಮುಂದೆ ಮಾತನಾಡುತ್ತಲೂ ಇದ್ದೆ. ಒಂದು ಸಲ ಇದನ್ನು ಪೂರ್ತಿ ಕೇಳಿಸಿಕೊಂಡ ಅಕ್ಕನ ಮಗ, "ಮಾಮಾ, ಹೇಳೋದು ಸಾಕ್ರಿ. ಬರೋ ಗುರುವಾರ ಗಾಣಗಾಪುರಕ್ಕ ಹೋಗೂಣು, ಒಮ್ಮೆ ಬೇಡಿ ನೋಡ್ರಿ" ಎಂದ. ಬೇಡವೆನ್ನಲು ಕಾರಣ ಸಿಗಲಿಲ್ಲ.

ಸಂಗಮದಲ್ಲಿ ಸ್ನಾನ, ಔದುಂಬರ ವೃಕ್ಷದ ಪ್ರದಕ್ಷಿಣೆ, ಕಿಂಡಿಯಿಂದ ಪಾದುಕೆಯ ದರ್ಶನ ಎಲ್ಲವೂ ಸಲೀಸಾಗಿ ಆದವು. ಇವೆಲ್ಲ ತಲೆತಲಾಂತರದಿಂದ ನಾವು ಮಾಡುತ್ತ ಬಂದ ಕೆಲಸಗಳೇ, ಮನಸ್ಸಿಗೆ ಅಡ್ಡಿಯೇನೂ ಇರುವುದಿಲ್ಲ. ಮೊದಲ ಮನೆಯ ಮುಂದೆ ನಿಂತಾಗ ಮಾತ್ರ ನನ್ನ ಬಾಯಿ ಕಟ್ಟಿತು. ಕೈಯಲ್ಲಿ ಕೇಸರಿ ಬಣ್ಣದ ಜೋಳಿಗೆ, ಜೋಳಿಗೆಯೊಳಗೆ ಒಂದು ಸ್ಟೀಲ್ ತಾಟು. ನನ್ನ ಮುಂದಿದ್ದ ಮರಾಠಿ ಯುವಕ "ಓಂ ಭವತಿ ಭಿಕ್ಷಾಂ ದೇಹಿ" ಎಂದು ಗಟ್ಟಿಯಾಗಿ ಕೂಗಿ, ರೊಟ್ಟಿ ಪಡೆದು ಸರಿದುಹೋದ. ನನಗೆ ಅದೇ ಮಾತು ಗಂಟಲಿನಿಂದ ಮೇಲೆ ಬರಲಿಲ್ಲ. ಬೇಡುವುದು ಎಂದರೆ ಸೊಂಟ ಬಾಗಿಸುವುದಲ್ಲ, ದನಿ ಹೊರಡಿಸುವುದು ಎಂಬುದು ಆ ಹೊಸ್ತಿಲಿನ ಮುಂದೆಯೇ ತಿಳಿಯಿತು. ದೇವರ ಮುಂದೆ ಎಷ್ಟು ಸಲ ಬೇಕಾದರೂ ಅಡ್ಡಬೀಳಬಹುದು, ಏಕೆಂದರೆ ಅವನು ತಿರುಗಿ ನೋಡುವುದಿಲ್ಲ. ಆದರೆ ಬಾಗಿಲಲ್ಲಿ ನಿಂತ ಹೆಣ್ಣುಮಗಳು, ಸೀರೆಯ ಸೆರಗಿಗೆ ಹಿಟ್ಟಿನ ಕೈ ಒರೆಸಿಕೊಳ್ಳುತ್ತ, ನನ್ನನ್ನೇ ನೋಡುತ್ತಿದ್ದಳು. ನಾನು ಮಾತಾಡದಿದ್ದುದನ್ನು ಕಂಡು ಅವಳೇ "ತಾಟು ಮುಂದ ಹಿಡೀರಿ ಅಪ್ಪಾರೆ, ಹಿಂದ ಇನ್ನೂ ಮಂದಿ ಅದಾರ" ಎಂದಳು. ತಟ್ಟೆಯಲ್ಲಿ ಅರ್ಧ ಜೋಳದ ರೊಟ್ಟಿ, ಅದರ ಮೇಲೆ ಒಂದು ಚಮಚ ಪುಂಡಿಪಲ್ಯ ಬಿತ್ತು. ನನ್ನ ಬದುಕಿನ ದೊಡ್ಡ ಗಳಿಗೆ ಎಂದು ನಾನು ಎಣಿಸಿಕೊಂಡಿದ್ದು ಅವಳ ಪಾಲಿಗೆ ಸಾಲಿನಲ್ಲಿ ನಿಂತ ಇನ್ನೊಂದು ತಾಟು, ಅಷ್ಟೇ.

ಎರಡನೆಯ ಮನೆಯಲ್ಲಿ ದನಿ ಹೊರಟಿತು. ಮೂರನೆಯ ಮನೆಯಲ್ಲಿ ಅದು ಸ್ವಲ್ಪ ರಾಗವನ್ನೂ ಹಿಡಿಯಿತು. ನಾಲ್ಕನೆಯ ಮನೆಯ ಹೊತ್ತಿಗೆ ಒಳಗೆ ಒಂದು ವಿಚಿತ್ರ ಸುಖ ಶುರುವಾಗಿತ್ತು: ಇಂಥ ಹುದ್ದೆಯಲ್ಲಿದ್ದ ನಾನು ಇಷ್ಟು ಸರಳವಾಗಿ ಬೇಡುತ್ತಿದ್ದೇನಲ್ಲ, ನನ್ನ ಜತೆಗಿದ್ದ ಅಧಿಕಾರಿಗಳಲ್ಲಿ ಎಷ್ಟು ಜನರಿಂದ ಇದು ಸಾಧ್ಯ ಎಂಬ ಸುಖ. ಅಕ್ಕನ ಮಗ ಮೊಬೈಲಿನಲ್ಲಿ ಫೋಟೊ ತೆಗೆಯುವುದನ್ನು ಓರೆಗಣ್ಣಿನಿಂದ ಕಂಡು ಜೋಳಿಗೆಯನ್ನು ಸ್ವಲ್ಪ ಮುಂದಕ್ಕೆ ಹಿಡಿದಿದ್ದೂ ನಿಜ. ಅಹಂಕಾರವನ್ನು ಹೊಸ್ತಿಲ ಹೊರಗೆ ನಿಲ್ಲಿಸಿದರೆ ಅದು ವಿನಯದ ಅಂಗಿ ತೊಟ್ಟು ಹಿತ್ತಲ ಬಾಗಿಲಿನಿಂದ ಒಳಗೆ ಬರುತ್ತದೆ. ಇದು ಅಕ್ಕಮಹಾದೇವಿಗೆ ಚೆನ್ನಾಗಿ ಗೊತ್ತಿದ್ದಿರಬೇಕು. ಮನೆಮನೆಗೆ ಕೈಯೊಡ್ಡಿ ಬೇಡುವಂತೆ ಮಾಡು ಎಂದಷ್ಟೇ ಅವಳು ಚೆನ್ನಮಲ್ಲಿಕಾರ್ಜುನನನ್ನು ಕೇಳಿ ಸುಮ್ಮನಾಗಲಿಲ್ಲ. ಬೇಡಿದರೆ ಕೊಡದಂತೆ ಮಾಡು, ಕೊಟ್ಟರೆ ನೆಲಕ್ಕೆ ಬೀಳುವಂತೆ ಮಾಡು, ಬಿದ್ದರೆ ನಾನು ಎತ್ತಿಕೊಳ್ಳುವ ಮೊದಲೇ ನಾಯಿ ಎತ್ತಿಕೊಳ್ಳುವಂತೆ ಮಾಡು ಎಂದು ಒಂದರ ಮೇಲೊಂದು ಕೇಳುತ್ತಾಳೆ. ಬೇಡುವುದರಲ್ಲಿಯೂ ಒಂದು ಗಳಿಕೆ ಇದೆ, ಅದೂ ಕೈಗೆ ಹತ್ತಬಾರದು ಎಂಬ ಈ ಕಠೋರತೆಯನ್ನು ನಾನು ಓದಿದ್ದೆ, ಉಪನ್ಯಾಸಗಳಲ್ಲಿ ಮೆಚ್ಚಿ ತಲೆದೂಗಿಯೂ ಇದ್ದೆ.

ಐದು ಮನೆ ಮುಗಿಸಿ ದೇವಸ್ಥಾನದ ಹತ್ತಿರದ ಒಂದು ಕಟ್ಟೆಯ ಮೇಲೆ ಉಣ್ಣಲು ಕುಳಿತೆ. ಪಕ್ಕದಲ್ಲಿ ಒಬ್ಬ ಮುದುಕಿ ತನ್ನ ಅಲ್ಯೂಮಿನಿಯಂ ಡಬರಿಯಲ್ಲಿದ್ದ ಅನ್ನ ಸಾರು ಕಲಸುತ್ತಿದ್ದಳು. ನಾನು ನಿಂತಿದ್ದ ಮನೆಗಳ ಮುಂದೆಯೇ ಅವಳೂ ನಿಂತಿದ್ದನ್ನು ನೋಡಿದ್ದೆ. ನನ್ನದು ವ್ರತ, ಅವಳದು ಅಂದಿನ ಊಟ. ಎರಡಕ್ಕೂ ಒಂದೇ ಸಾಲು, ಒಂದೇ ಚಮಚ. ನನ್ನ ತಾಟಿನಲ್ಲಿ ರೊಟ್ಟಿ, ಶೇಂಗಾ ಹಿಂಡಿ, ಹುಗ್ಗಿ ಎಲ್ಲ ಸೇರಿ ಒಬ್ಬನಿಗೆ ಹೆಚ್ಚೇ ಆಗಿತ್ತು. ಕೈ ತಾನಾಗಿಯೇ ಒಂದು ರೊಟ್ಟಿ ಎತ್ತಿ ಅವಳ ಕಡೆ ಚಾಚಿತು. "ತಗೋ ಅವ್ವಾ" ಎಂದೆ.

ಅವಳು ತಲೆ ಎತ್ತಿ ನೋಡಿ, ನಕ್ಕು, "ನಂದು ನನಗ ಸಾಕಪ್ಪಾ. ನೀನೂ ಬೇಡಿದಾಂವ, ನಾನೂ ಬೇಡಿದಾಕಿ. ನಿಂದು ನೀ ಉಣ್ಣು" ಎಂದಳು.

ಅದರಲ್ಲಿ ಸಿಟ್ಟಾಗಲಿ ಕೊಂಕಾಗಲಿ ಇರಲಿಲ್ಲ. ಆದರೂ ಮುಖಕ್ಕೆ ರಕ್ತ ನುಗ್ಗಿದಂತಾಯಿತು. ಐದು ಮನೆಗಳ ಮುಂದೆ ಕೈಯೊಡ್ಡಿದಾಗ ಆಗದ ಸಂಕಟ, ಚಾಚಿದ ಕೈಯನ್ನು ಹಿಂದಕ್ಕೆ ತರಬೇಕಾದಾಗ ಆಯಿತು. ಬೇಡುವವನಾಗಿ ಅರ್ಧ ಗಂಟೆ ಕಳೆಯುವುದರೊಳಗೆ ನಾನು ಮತ್ತೆ ಕೊಡುವವನ ಜಾಗ ಹುಡುಕಿಕೊಂಡಿದ್ದೆ; ಆ ಜಾಗವಿಲ್ಲದೆ ನನಗೆ ಅವಳ ಪಕ್ಕದಲ್ಲಿ ಕೂರುವುದು ಬರುತ್ತಿರಲಿಲ್ಲ. ನನ್ನ ಮಟ್ಟಿಗೆ ಎಚ್ಚರವೆಂದರೆ ಅಂದು ಆದದ್ದು ಅಷ್ಟೇ: ಪ್ರವಚನಗಳಲ್ಲಿ ಹೇಳುವ ಬೆಳಕಾಗಲಿ ಆನಂದವಾಗಲಿ ಅಲ್ಲ, 'ನಾನು' ಎಂಬುದು ಎಲ್ಲಿಂದ ಎದ್ದಿತು ಎಂದು ಅದು ಏಳುತ್ತಿರುವಾಗಲೇ ಕಂಡದ್ದು.

ನಮ್ಮ ಕಲಬುರಗಿಯವರಿಗೆ ಈ ಪಾಠಕ್ಕಾಗಿ ಗಾಣಗಾಪುರದವರೆಗೆ ಹೋಗಬೇಕಾದದ್ದೂ ಇರಲಿಲ್ಲ. ಶರಣಬಸವೇಶ್ವರರು (1746–1822) ಅರಳಗುಂಡಗಿಯ ಹೊಲದಲ್ಲಿ ತೆನೆಗೆ ಬಂದ ಹಕ್ಕಿಗಳನ್ನು ಓಡಿಸದೆ ತಿನ್ನಲು ಬಿಟ್ಟ ಕಥೆಯನ್ನು ಇಲ್ಲಿಯ ಮಕ್ಕಳೂ ಬಲ್ಲರು. ಮುಂದೆ ಅವರು ಕಲಬುರಗಿಯಲ್ಲಿ ನಡೆಸಿದ ದಾಸೋಹದ ಹೆಸರನ್ನು ನಾವು ಅಭಿಮಾನದಿಂದ ಹೇಳುತ್ತೇವೆ. ಮಾಡಿದೆನೆಂಬುದು ಮನಸ್ಸಿನಲ್ಲಿ ಹೊಳೆದರೆ ಶಿವನು ಕಾಡುತ್ತಾನೆ ಎಂಬರ್ಥದಲ್ಲಿ ಬಸವಣ್ಣನವರು ಎಚ್ಚರಿಸಿದ್ದೂ ಇದನ್ನೇ. ಆದರೆ ಇಂದು ದಾಸೋಹಕ್ಕೆ ಅಕ್ಕಿ ಚೀಲ ಕೊಟ್ಟವರ ಹೆಸರನ್ನು ಧ್ವನಿವರ್ಧಕದಲ್ಲಿ ಕೂಗುತ್ತಾರೆ, ನನ್ನ ಹೆಸರನ್ನೂ ಕೂಗಿದ್ದಾರೆ, ತಪ್ಪಾಗಿ ಕೂಗಿದಾಗ ಹೋಗಿ ತಿದ್ದಿಸಿಯೂ ಬಂದಿದ್ದೇನೆ.

ನಾನು ರೊಟ್ಟಿಯನ್ನು ತಾಟಿಗೆ ಮರಳಿ ಇಟ್ಟುಕೊಂಡು ಉಣ್ಣತೊಡಗಿದೆ. ಸ್ವಲ್ಪ ಹೊತ್ತಿನ ಮೇಲೆ ಅವಳೇ ನನ್ನ ತಾಟಿನ ಕಡೆ ನೋಡಿ, "ಹಿಂಡಿ ಖಾರ ಅದನ?" ಎಂದು ಕೇಳಿದಳು. ಅದೆ ಎಂದೆ. "ಹಂಗಾರ ಈಟು ಹಾಕು, ಸಾರು ಸಪ್ಪಗ ಅದ" ಎಂದು ಡಬರಿಯನ್ನು ನನ್ನ ಕಡೆ ಸರಿಸಿದಳು. ಹಾಕಿದೆ. ಖಾರ ಸಾಲದೆಂದು ಇನ್ನೂ ಸ್ವಲ್ಪ ಹಾಕಿಸಿಕೊಂಡು, ಯಾವ ಊರು, ಮಕ್ಕಳೆಷ್ಟು, ಸೊಸೆ ಹೇಗೆ ನೋಡಿಕೊಳ್ಳುತ್ತಾಳೆ ಎಂದು ವಿಚಾರಿಸಿದಳು. ಯಾವ ನೌಕರಿಯಲ್ಲಿದ್ದೆ ಎಂದು ಕೇಳಲಿಲ್ಲ. ಹೇಳಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು, ಅಷ್ಟರಲ್ಲಿ ಅವಳು ನಳ ಯಾವ ಕಡೆ ಇದೆ ಎಂದು ತೋರಿಸಿ, ಮಂದಿ ಹೆಚ್ಚಾಗುವ ಮೊದಲು ತಾಟು ತೊಳೆದುಕೊಂಡು ಬಾ ಎಂದು ನನ್ನನ್ನು ಎಬ್ಬಿಸಿದಳು.