ಕ್ರೈಸ್ತ ಗೆಳೆಯರ ಜೊತೆ ವಾದಕ್ಕೆ ಕೂರುವ ಮುಂಚೆ

ಮೊದಲು ಕೇಳಬೇಕಾದ್ದು ದೇವರ ಬಗ್ಗೆ ಅಲ್ಲ, "ನೀವು ಯಾವ ಸಭೆಗೆ ಹೋಗ್ತೀರಿ ಬ್ರದರ್?" ಎಂದು. ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾಗೆ ಹೋಗುವ ಕ್ಯಾಥೊಲಿಕರ ಬೈಬಲ್ಲಿನಲ್ಲಿ 73 ಪುಸ್ತಕ, ಹಡ್ಸನ್ ಚರ್ಚಿಗೆ ಹೋಗುವ ಪ್ರೊಟೆಸ್ಟೆಂಟರದರಲ್ಲಿ 66. ಒಬ್ಬರು ಮರಿಯಮ್ಮನಿಗೆ ಹರಕೆ ಹೊರುತ್ತಾರೆ, ಇನ್ನೊಬ್ಬರಿಗೆ ಅದು ತಪ್ಪು. ಬಾಡಿಗೆ ಹಾಲ್‌ನಲ್ಲಿ ಸೇರುವ ಪೆಂಟೆಕೋಸ್ಟ್ ಸಭೆಯವರಿಗೆ ಬೈಬಲ್ ವಾಕ್ಯದ ಒಂದೊಂದು ಅಕ್ಷರವೂ ದೇವರದ್ದು. ಮಿಲ್ಲರ್ಸ್ ರಸ್ತೆಯ ಥಿಯೊಲಾಜಿಕಲ್ ಕಾಲೇಜಿನಲ್ಲಿ ಓದಿ ಬಂದ ಪಾಸ್ಟರ್‌ಗೆ ನೀವು ಹೇಳಹೊರಟ ಪಾಠಭೇದಗಳೆಲ್ಲ (ಹಳೆಯ ಪ್ರತಿಗಳ ನಡುವಿನ ವ್ಯತ್ಯಾಸಗಳು) ಮೊದಲೇ ಗೊತ್ತಿರುತ್ತವೆ. ಇದನ್ನು ತಿಳಿಯದೆ ಹೊರಟರೆ ಎದುರಿಗಿರುವವರು ನಂಬದ ಮಾತನ್ನೇ ಅರ್ಧ ಗಂಟೆ ಖಂಡಿಸುತ್ತಾ ಕೂರುತ್ತೀರಿ.

ವಾಟ್ಸಾಪ್ ಸರಕನ್ನು ಮನೆಯಲ್ಲೇ ಬಿಟ್ಟು ಹೋಗಿ. ಯೇಸು ಕಾಶ್ಮೀರದಲ್ಲಿ ತೀರಿಕೊಂಡ ಎಂಬುದಕ್ಕೆ ಆಧಾರವಿಲ್ಲ. 325ರ ನೈಸಿಯಾ ಸಭೆಯಲ್ಲಿ ಬೈಬಲ್ಲಿನ ಪುಸ್ತಕಗಳನ್ನು ಆರಿಸಿದರು ಎಂಬುದೂ ಸುಳ್ಳು. ಅಲ್ಲಿ ನಡೆದ ಜಗಳ, ಯೇಸು ದೇವರಿಂದ ಸೃಷ್ಟಿಯಾದವನು ಎಂಬ ಅರಿಯಸ್‌ನ ಬೋಧನೆಯ ಬಗ್ಗೆ. ಹೊಸ ಒಡಂಬಡಿಕೆಯ ಇವತ್ತಿನ 27 ಪುಸ್ತಕಗಳ ಪಟ್ಟಿ ನಮಗೆ ಮೊದಲು ಸಿಗುವುದು ಅಲೆಕ್ಸಾಂಡ್ರಿಯದ ಬಿಷಪ್ ಅಥನಾಸಿಯಸ್‌ನ 367ರ ಪತ್ರದಲ್ಲಿ. ಇಂಥದ್ದೊಂದು ತಪ್ಪು ಹೇಳಿ ಸಿಕ್ಕಿಬಿದ್ದರೆ ಆಮೇಲೆ ಹೇಳಿದ ನಿಜಕ್ಕೂ ಬೆಲೆ ಇರುವುದಿಲ್ಲ.

ಒಂದು ಸಲ ಕೂತರೆ ಒಂದೇ ವಿಷಯ. ಅದು ಪುನರುತ್ಥಾನವೇ, ಅಂದರೆ ಯೇಸು ಸತ್ತು ಮತ್ತೆ ಎದ್ದ ಎಂಬುದೇ ಆಗಿರಲಿ, ಏಕೆಂದರೆ ಅದು ಬಿದ್ದರೆ ಮಿಕ್ಕಿದ್ದು ನಿಲ್ಲುವುದಿಲ್ಲ ಎಂದು ಆರಂಭದ ಸಭೆಗಳಿಗೆ ಪತ್ರ ಬರೆದ ಅಪೊಸ್ತಲ ಪೌಲನೇ ಬರೆದಿದ್ದಾನೆ. ಒಂದು ಹಾಳೆ ತೆಗೆದುಕೊಂಡು ನಾಲ್ಕು ಸುವಾರ್ತೆಗಳ ಕಡೆಯ ಅಧ್ಯಾಯಗಳಿಗೆ ನಾಲ್ಕು ಕಂಬಸಾಲು ಎಳೆಯಿರಿ: ಮತ್ತಾಯ 28, ಮಾರ್ಕ 16, ಲೂಕ 24, ಯೋಹಾನ 20. ಸಮಾಧಿಗೆ ಯಾರು ಹೋದರು, ಅಲ್ಲಿ ಯಾರಿದ್ದರು, ಎಲ್ಲಿಗೆ ಹೋಗಲು ಹೇಳಿದರು ಎಂದು ಅವರ ಕೈಲಿರುವ ಸತ್ಯವೇದ (ಬೈಬಲ್) ನೋಡಿ ಅವರೇ ತುಂಬಲಿ. ಮಾರ್ಕನಲ್ಲಿ ಮೂವರು ಹೆಂಗಸರು, ಮತ್ತಾಯನಲ್ಲಿ ಇಬ್ಬರು, ಯೋಹಾನನಲ್ಲಿ ಮಗ್ದಲದ ಮರಿಯ ಒಬ್ಬಳೇ. ಹೆಚ್ಚಿನವರು ಇಲ್ಲೇ ಗೆದ್ದೆವೆಂದು ಬೀಗುತ್ತಾರೆ. ತಡೆಯಿರಿ. ಯೋಹಾನ 20:2ರಲ್ಲಿ ಮರಿಯ "ನಮಗೆ ಗೊತ್ತಿಲ್ಲ" ಎನ್ನುತ್ತಾಳೆ, ಅಂದರೆ ಜೊತೆಯಲ್ಲಿ ಬೇರೆಯವರೂ ಇದ್ದರು ಎಂಬ ಉತ್ತರ ಬರುತ್ತದೆ, ಅದು ನ್ಯಾಯವಾದ ಉತ್ತರವೇ. ಲೆಕ್ಕದ ಜಗಳ ಬಿಡಿ, ಮೂರನೇ ಸಾಲಿಗೆ ಬನ್ನಿ. ಮತ್ತಾಯನಲ್ಲಿ ಶಿಷ್ಯರು ಗಲಿಲಾಯಕ್ಕೆ ಹೋಗಿ ಅಲ್ಲಿನ ಬೆಟ್ಟದಲ್ಲಿ ಯೇಸುವನ್ನು ನೋಡುತ್ತಾರೆ. ಲೂಕನಲ್ಲಿ ಯೆರೂಸಲೇಮ್ ಬಿಟ್ಟು ಹೋಗಬೇಡಿ ಎಂಬ ಅಪ್ಪಣೆ. ಹೊಂದಿಸಲು ಹೊರಟರೆ ಬೆವರು ಬರುವುದು ಇಲ್ಲಿ. ಮಾರ್ಕ 16ರ 9ರಿಂದ 20ನೇ ವಚನಗಳು ನಾಲ್ಕನೇ ಶತಮಾನದ ಸಿನಾಯ್ಟಿಕಸ್, ವ್ಯಾಟಿಕಾನಸ್ ಎಂಬ ಬೈಬಲ್ಲಿನ ಹಳೆಯ ಕೈಬರಹದ ಪ್ರತಿಗಳಲ್ಲಿ ಇಲ್ಲ ಎಂಬುದನ್ನೂ ಹಾಳೆಯ ಅಂಚಿನಲ್ಲಿ ಗುರುತು ಹಾಕಿ.

ಅವರ ಬಲವಾದ ಸಾಕ್ಷ್ಯ ಸುವಾರ್ತೆಗಳಲ್ಲ, 1 ಕೊರಿಂಥ 15. ಯೇಸು ಸತ್ತು ಸುಮಾರು 25 ವರ್ಷಕ್ಕೆ ಪೌಲ ಬರೆದ ಪತ್ರ. ಅದರಲ್ಲಿ ಎದ್ದ ಯೇಸುವನ್ನು ಕಂಡವರು ಪೇತ್ರ, ಹನ್ನೆರಡು ಮಂದಿ, ಐನೂರಕ್ಕೂ ಹೆಚ್ಚು ಸಹೋದರರು, ಯಾಕೋಬ, ಅಪೊಸ್ತಲರೆಲ್ಲರು, ಕೊನೆಗೆ ಪೌಲ ಎಂದು ಪಟ್ಟಿಯೇ ಇದೆ. ಅವರು ಎತ್ತುವ ಮುಂಚೆ ನೀವೇ ಎತ್ತಿ. ಆಮೇಲೆ ಕೇಳಿ: ಎಲ್ಲರಿಗೂ ಪೌಲ ಬಳಸುವ ಕ್ರಿಯಾಪದ ಒಂದೇ, "ಕಾಣಿಸಿಕೊಂಡನು". ಪೌಲನಿಗೆ ಕಂಡದ್ದು ಅಪೊಸ್ತಲರ ಕೃತ್ಯಗಳು 9ರ ಪ್ರಕಾರ ಬೆಳಕು, ಕೇಳಿದ್ದು ಧ್ವನಿ. ಹಾಗಾದರೆ ಮಿಕ್ಕವರು ಮುಟ್ಟಿ ನೋಡಿದ್ದು ಮೈಯನ್ನೋ, ಕಂಡದ್ದು ದರ್ಶನವೋ ಎಂದು ಈ ಪಟ್ಟಿಯೊಂದರಿಂದಲೇ ಹೇಳುವುದು ಹೇಗೆ? ಆ ಐನೂರು ಮಂದಿಯ ಹೆಸರಿಲ್ಲ, ಊರಿಲ್ಲ, ಸುವಾರ್ತೆಗಳಲ್ಲಿ ಅವರ ಸುದ್ದಿಯೇ ಇಲ್ಲ. ಯಾರೋ ಕಟ್ಟಿದ ಸುಳ್ಳು ಎನ್ನಬೇಡಿ. ಅಷ್ಟು ಹೇಳಲು ನಿಮ್ಮಲ್ಲೂ ಆಧಾರವಿಲ್ಲ.

ಪ್ರವಾದನೆಯ ಮಾತು ಬಂದರೆ ಯೆಶಾಯ 7:14, ಹೆಣ್ಣೊಬ್ಬಳು ಗರ್ಭಿಣಿಯಾಗಿ ಮಗನನ್ನು ಹೆರುತ್ತಾಳೆ ಎಂಬ ವಚನ. ಹೀಬ್ರೂವಿನ "ಅಲ್ಮಾ" ಎಂದರೆ ಪ್ರಾಯದ ಹೆಣ್ಣು. ಗ್ರೀಕ್ ಅನುವಾದದಲ್ಲಿ ಅದು "ಪಾರ್ಥೆನೊಸ್" (ಸಾಮಾನ್ಯವಾಗಿ ಕನ್ಯೆ ಎಂಬರ್ಥ) ಆಯಿತು, ಮತ್ತಾಯ ಎತ್ತಿಕೊಂಡದ್ದು ಅದನ್ನು. ಕನ್ನಡದವರಿಗೆ ಇದನ್ನು ವಿವರಿಸುವುದು ಸುಲಭ. "ಕನ್ಯೆ ನೋಡೋಕೆ ಹೋಗಿದ್ರು" ಎಂದರೆ ಮದುವೆ ವಯಸ್ಸಿನ ಹುಡುಗಿಯನ್ನು ನೋಡಲು ಎಂದಷ್ಟೇ ಅರ್ಥ, ಬೇರೇನನ್ನೂ ಯಾರೂ ಯೋಚಿಸುವುದಿಲ್ಲ. ಅದೇ ಪದ ಸತ್ಯವೇದದ ಪುಟದಲ್ಲಿ ಕಂಡರೆ ಪವಾಡವಾಗುತ್ತದೆ. ಜೊತೆಗೆ ಆ ಅಧ್ಯಾಯವನ್ನು 16ನೇ ವಚನದವರೆಗೆ ಓದಿಸಿ. ಮಗು ದೊಡ್ಡದಾಗುವುದರೊಳಗೆ ಯೂದದ ಅರಸ ಆಹಾಜ ಹೆದರುವ ಇಬ್ಬರು ಅರಸರ ದೇಶ ಹಾಳಾಗುತ್ತದೆ ಎಂದಿದೆ. ಅದು ಆ ಕಾಲದ ರಾಜಕೀಯ.

ಕೊನೆಗೆ ಮಾತು ಸಾಕ್ಷಿಗೇ ಬಂದು ನಿಲ್ಲುತ್ತದೆ: "ನಮ್ಮ ಅತ್ತಿಗೆಗೆ ಪ್ರಾರ್ಥನೆಯಿಂದಲೇ ವಾಸಿಯಾಯ್ತು." ವಿವೇಕನಗರದ ಬಾಲಯೇಸು ದೇವಾಲಯದ ಗುರುವಾರದ ಸಾಲಿನಲ್ಲಿ ಹಿಂದೂಗಳೂ ಇರುತ್ತಾರೆ, ಘಾಟಿ ಸುಬ್ರಹ್ಮಣ್ಯದಲ್ಲೂ ಹರಕೆ ತೀರಿಸುವವರ ಸಾಲಿದೆ. ಹರಕೆ ಫಲಿಸಿದ್ದೇ ಪುರಾವೆಯಾದರೆ ಅದು ಇಬ್ಬರು ದೇವರಿಗೂ ಸಲ್ಲಬೇಕಲ್ಲ, ಒಂದನ್ನು ಒಪ್ಪಿ ಇನ್ನೊಂದನ್ನು ಬಿಡುವುದು ಯಾವ ಆಧಾರದ ಮೇಲೆ ಎಂದು ಕೇಳಬಹುದು. ಆದರೆ ಅತ್ತಿಗೆ ಇನ್ನೂ ಹಾಸಿಗೆಯಲ್ಲಿದ್ದರೆ ಕೇಳಬೇಡಿ. ಹಾಳೆ ಮಡಚಿ ಜೇಬಿಗಿಟ್ಟುಕೊಂಡು, ಆಸ್ಪತ್ರೆಗೆ ಊಟ ಏನಾದರೂ ತರಬೇಕಾ ಎಂದು ವಿಚಾರಿಸಿ.