ಕಾಲಿಗೆ ನೀರು

ಯೇಸುಸ್ವಾಮಿ ಕೊನೆಯ ಊಟದಲ್ಲಿ ತಮ್ಮ ಶಿಷ್ಯರ ಪಾದ ತೊಳೆದದ್ದನ್ನು ನೆನೆಯುವ ಪವಿತ್ರ ಗುರುವಾರದ ಸಂಜೆ ಪಾದ ತೊಳೆಸಿಕೊಳ್ಳುವ ಹನ್ನೆರಡು ಮಂದಿಯಲ್ಲಿ ಈ ವರ್ಷ ನೀವೂ ಒಬ್ಬರು ಎಂದು ನಮ್ಮ ಧರ್ಮಕೇಂದ್ರದ ಸ್ವಾಮಿಗಳು, ಅಂದರೆ ಚರ್ಚಿನ ಪಾದ್ರಿಗಳು, ಫೋನ್ ಮಾಡಿ ಹೇಳಿದರು. ನಾನು ನೇರವಾಗಿ ಬಚ್ಚಲಿಗೆ ಹೋದೆ. ಹಿಮ್ಮಡಿಯನ್ನು ಕಲ್ಲಿನಿಂದ ಉಜ್ಜಿದೆ, ಉಗುರು ಕತ್ತರಿಸಿದೆ, ಬೆರಳ ಸಂದಿಗಳಿಗೆಲ್ಲ ಸೋಪು ಹಾಕಿದೆ. ಬಾಗಿಲಲ್ಲಿ ನಿಂತು ನೋಡಿದ ಹೆಂಡತಿ, “ಮದುವೆಯ ದಿನವೂ ನೀವು ಇಷ್ಟು ತಿಕ್ಕಿಕೊಂಡಿರಲಿಲ್ಲ” ಎಂದಳು.

ಪೂಜೆಯಲ್ಲಿ ಸ್ವಾಮಿಗಳು ಮೇಲಿನ ವಸ್ತ್ರ ತೆಗೆದಿಟ್ಟು, ಸೊಂಟಕ್ಕೆ ಟವೆಲ್ ಸುತ್ತಿಕೊಂಡು, ಒಬ್ಬೊಬ್ಬರ ಮುಂದೆ ಮಂಡಿಯೂರಿದರು. ಬಲಗಾಲು ಮಾತ್ರ. ಒಂದು ಹೂಜಿಯ ನೀರು ಹನ್ನೆರಡು ಕಾಲುಗಳಿಗೆ ಸಾಕಾಯಿತು. ಅವರು ನನಗಿಂತ ಇಪ್ಪತ್ತು ವರ್ಷ ಚಿಕ್ಕವರು. ನನ್ನ ಕಾಲಿನ ಕಡೆಗೆ ತಲೆ ಬಗ್ಗಿಸಿದಾಗ ನನಗರಿವಿಲ್ಲದೆ ಕಾಲು ಹಿಂದಕ್ಕೆ ಸರಿಯಿತು. ಯೇಸುಸ್ವಾಮಿ ಕಾಲು ತೊಳೆಯಲು ಬಂದಾಗ ಶಿಷ್ಯ ಪೇತ್ರನೂ ಬೇಡವೆಂದಿದ್ದನಲ್ಲ ಎಂದು ಆಮೇಲೆ ಸಮಾಧಾನ ಮಾಡಿಕೊಂಡೆ. ಆದರೆ ಪೇತ್ರ ಕಾಲು ತಿಕ್ಕಿಕೊಂಡು ಬಂದಿರಲಿಲ್ಲ.

ನಮ್ಮಲ್ಲಿ ಕಾಲಿಗೆ ನೀರು ಕೊಡುವುದು ಹೊಸತೇನಲ್ಲ. ಊರಿನ ಮನೆಗೆ ನೆಂಟರು ಬಂದರೆ ಅವ್ವ ಜಗುಲಿಯ ಮೇಲೆ ತಂಬಿಗೆ ಇಟ್ಟು ಮುಂದಿನ ಮಾತಾಡುತ್ತಿದ್ದಳು. ಧಾರೆಯಲ್ಲಿ ಹೆಣ್ಣಿನ ತಂದೆ ಅಳಿಯನ ಕಾಲು ತೊಳೆಯುತ್ತಾನೆ. ಗುರುವಿಗೆ ಶಿಷ್ಯರು ಪಾದಪೂಜೆ ಮಾಡುತ್ತಾರೆ. ಇಲ್ಲೆಲ್ಲ ತೊಳೆಯುವವನು ಕೆಳಗೆ, ತೊಳೆಸಿಕೊಳ್ಳುವವನು ಮೇಲೆ. ಇದನ್ನು ನೋಡುತ್ತಲೇ ಬೆಳೆದವನಿಗೆ ಗುರುವೇ ಶಿಷ್ಯನ ಮುಂದೆ ಕೂತರೆ ಮೈ ಹಿಡಿಯಾಗುತ್ತದೆ. ಯೇಸುಸ್ವಾಮಿ ಪಾದ ತೊಳೆದ ಕಥೆಯಿರುವ ಯೊವಾನ್ನನ ಶುಭಸಂದೇಶದ ಹದಿಮೂರನೆಯ ಅಧ್ಯಾಯ ಬೇರೆಯವರಿಗಿಂತ ನಮಗೇ ಹೆಚ್ಚು ಕಸಿವಿಸಿ ಮಾಡಬೇಕು.

ಆ ಅಧ್ಯಾಯದ ಒಂದು ಸಂಗತಿ ನನ್ನ ಕಣ್ಣಿಗೆ ಬಿದ್ದದ್ದು ತಡವಾಗಿ. ಧೂಳು ದಾರಿಯಲ್ಲಿ ಚಪ್ಪಲಿ ಮೆಟ್ಟಿ ಬಂದವರ ಕಾಲು ತೊಳೆಯಬೇಕಾದದ್ದು ಊಟಕ್ಕೆ ಮುಂಚೆ. ಯೇಸುಸ್ವಾಮಿ ಎದ್ದದ್ದು ಊಟದ ನಡುವೆ. ಅಂದರೆ ಅಷ್ಟು ಹೊತ್ತು ಹನ್ನೆರಡು ಮಂದಿಯೂ ಕೊಳೆಗಾಲಿನಲ್ಲೇ ಕೂತಿದ್ದರು. ಬೋಗುಣಿಯೂ ನೀರೂ ಅಲ್ಲೇ ಇದ್ದವು, ಏಳುವವರು ಯಾರೂ ಇರಲಿಲ್ಲ. ಅದೇ ಊಟದಲ್ಲಿ, ತಮ್ಮಲ್ಲಿ ದೊಡ್ಡವನು ಯಾರು ಎಂದು ಅವರು ಜಗಳವಾಡಿದರೆಂದು ಇನ್ನೊಬ್ಬ ಶುಭಸಂದೇಶಕಾರ ಲೂಕ ಬರೆಯುತ್ತಾನೆ. ಇದನ್ನು ಓದಿದಾಗಲೆಲ್ಲ ನನಗೆ ನಮ್ಮ ಪಾಲನಾ ಸಮಿತಿಯ ಸಭೆ ನೆನಪಾಗುತ್ತದೆ.

ಕಳೆದ ವರ್ಷದ ಹಬ್ಬದ ಆಮಂತ್ರಣ ಪತ್ರಿಕೆಗಾಗಿ ನಾವು ಎರಡು ಗಂಟೆ ಕೂತೆವು. ತೇರಿನ ಹೂವಿನ ಖರ್ಚು ಐದು ನಿಮಿಷದಲ್ಲಿ ಮುಗಿಯಿತು. ಉಳಿದ ಸಮಯವೆಲ್ಲ ಯಾರ ಹೆಸರು ಯಾರ ಮೇಲೆ ಎಂಬುದಕ್ಕೆ. ನಾನು ಕಾರ್ಯದರ್ಶಿ, ಖಜಾಂಚಿಯ ಹೆಸರು ನನ್ನದಕ್ಕಿಂತ ಮೇಲೆ ಬರುವುದು ಪದ್ಧತಿಯಲ್ಲ ಎಂದು ವಾದಿಸಿದೆ, ಗೆದ್ದೆ. ಹಬ್ಬದ ರಾತ್ರಿ ಊಟ ಮುಗಿದ ಮೇಲೆ ಬೈಕಿನ ಕೀಲಿ ಮರೆತು ಹಿಂತಿರುಗಿದಾಗ ಅಡುಗೆ ಶೆಡ್ಡಿನ ಹಿಂದೆ ಬೆಳಕಿತ್ತು. ಸ್ವಾಮಿಗಳು ಲುಂಗಿ ಎತ್ತಿ ಕಟ್ಟಿಕೊಂಡು, ಅರ್ಧ ದೇಹವನ್ನು ಅನ್ನದ ಕೊಪ್ಪರಿಗೆಯೊಳಗೆ ತೂರಿಸಿ, ತಳ ಹಿಡಿದದ್ದನ್ನು ಕೆರೆಯುತ್ತಿದ್ದರು. ಜೊತೆಗೆ ಚರ್ಚಿನ ಅಂಗಳ ಗುಡಿಸುವ ಅಣ್ಣ. ಇಬ್ಬರೂ ಏನೋ ಹೇಳಿಕೊಂಡು ನಗುತ್ತಿದ್ದರು. ನಾನು ಸದ್ದಾಗದಂತೆ ಕೀಲಿ ತೆಗೆದುಕೊಂಡು ಹೊರಟುಬಿಟ್ಟೆ. ಸಾಲದೆಂಬಂತೆ ಮರುದಿನ ನಾಲ್ಕು ಜನರ ಮುಂದೆ, “ನಮ್ಮ ಸ್ವಾಮಿಗಳು ಎಷ್ಟು ಸರಳ ಗೊತ್ತೇ?” ಎಂದು ಹೆಮ್ಮೆಯಿಂದ ವರ್ಣಿಸಿದೆ. ಅವರ ದೀನತೆಯಲ್ಲೂ ನನ್ನ ಪಾಲು ತೆಗೆದುಕೊಂಡೆ.

ಆಳಾಗಬಲ್ಲವನು ಅರಸನಾಗಬಲ್ಲ ಎಂಬ ಗಾದೆಯನ್ನು ನಾನು ಸಭೆಗಳಲ್ಲಿ ಎಷ್ಟೋ ಸಲ ಬಳಸಿದ್ದೇನೆ. ಈಗ ಅದರ ಮೇಲೆ ಅನುಮಾನ ಬಂದಿದೆ. ಅದರಲ್ಲಿ ಆಳುತನ ಒಂದು ಏಣಿ. ಕಣ್ಣೆಲ್ಲ ಮೇಲಿನ ಮೆಟ್ಟಿಲ ಮೇಲೆ. ಹನ್ನೆರಡು ಶಿಷ್ಯರಲ್ಲಿ ಇಬ್ಬರಾದ ಜೆಬೆದಾಯನ ಮಕ್ಕಳು ಯಕೋಬ, ಯೊವಾನ್ನ ಯೇಸುಸ್ವಾಮಿಯ ಬಲಗಡೆ ಎಡಗಡೆ ಕೂರುವ ಜಾಗ ಕೇಳಿದ್ದೂ ಆ ಲೆಕ್ಕದಲ್ಲೇ ಇರಬೇಕು. ಉಳಿದ ಹತ್ತು ಮಂದಿ ಸಿಟ್ಟಾದರು ಎನ್ನುತ್ತಾನೆ ಮಾರ್ಕ. ತಾವು ಕೇಳುವ ಮುಂಚೆ ಅವರು ಕೇಳಿಬಿಟ್ಟರಲ್ಲ ಎಂಬ ಸಿಟ್ಟು ಎಂದು ನನ್ನ ಊಹೆ. ದೊಡ್ಡವನಾಗಬೇಕೆನ್ನುವವನು ನಿಮ್ಮ ಸೇವಕನಾಗಲಿ, ಮೊದಲಿಗನಾಗಬೇಕೆನ್ನುವವನು ಎಲ್ಲರ ಆಳಾಗಲಿ ಎಂದರು ಆಗ ಯೇಸುಸ್ವಾಮಿ. ಆ ಎರಡು ಪದಗಳು ಗ್ರೀಕ್ ಮೂಲದಲ್ಲಿ ಬೇರೆ ಬೇರೆ: ಮೊದಲನೆಯದು ಊಟ ಬಡಿಸುವಂಥ ಪರಿಚಾರಕ, ಎರಡನೆಯದು ಗುಲಾಮ. ‘ಸೇವಕ’ ನಮ್ಮಲ್ಲಿ ಸವೆದುಹೋದ ಪದ. ಜನಸೇವಕ ಎಂದು ಫ್ಲೆಕ್ಸಿನಲ್ಲಿ ಕೈಮುಗಿದು ನಿಂತವರನ್ನು ಸರ್ಕಲ್‌ಗೊಬ್ಬರಂತೆ ನೋಡುತ್ತೇವೆ. ‘ಆಳು’ ಎಂದರೆ ಮಾತ್ರ ಇನ್ನೂ ಚುಚ್ಚುತ್ತದೆ. ತಮಾಷೆಯೆಂದರೆ ದೇಶವನ್ನು ‘ಆಳು’ ಎನ್ನುವುದಕ್ಕೂ ಕನ್ನಡದಲ್ಲಿ ಅದೇ ಎರಡು ಅಕ್ಷರ.

2013ರ ಮಾರ್ಚ್ 28ರಂದು, ಪೋಪ್ ಆಗಿ ಎರಡು ವಾರವಷ್ಟೇ ಆಗಿದ್ದ ಫ್ರಾನ್ಸಿಸ್, ರೋಮಿನ ಕಸಾಲ್ ದೆಲ್ ಮಾರ್ಮೊ ಬಾಲಾಪರಾಧಿಗಳ ಸೆರೆಮನೆಗೆ ಹೋಗಿ ಹನ್ನೆರಡು ಮಂದಿಯ ಪಾದ ತೊಳೆದರು. ಆಗ ಅವರಿಗೆ 76 ವರ್ಷ. ಹನ್ನೆರಡರಲ್ಲಿ ಇಬ್ಬರು ಹುಡುಗಿಯರು, ಮುಸ್ಲಿಮರೂ ಇದ್ದರು. ಗಂಡಸರ ಪಾದ ಮಾತ್ರ ಎಂಬ ನಿಯಮವನ್ನು 2016ರಲ್ಲಿ ಅವರು ಬದಲಿಸಿದರು. ನಮ್ಮಲ್ಲಿ ಈ ವರ್ಷ ನಾಲ್ವರು ಹೆಂಗಸರು ಕೂತಿದ್ದರು. ಉಳಿದವರು ಯಾರೆಂದು ಲೆಕ್ಕ ಹಾಕಿದೆ: ಸಮಿತಿಯ ಐವರು, ನಿವೃತ್ತ ಮುಖ್ಯೋಪಾಧ್ಯಾಯರು ಒಬ್ಬರು, ಹೊಸ ಮೈಕ್ ಸೆಟ್ ಕೊಡಿಸಿದ ದಾನಿ, ಅವರ ಮಗ. ಪಟ್ಟಿ ತಯಾರಿಸಿ ಕೊಟ್ಟದ್ದು ಸಮಿತಿಯೇ, ಅಂದರೆ ನಾವೇ. ಅಂಗಳ ಗುಡಿಸುವ ಅಣ್ಣ ಬಕೆಟ್ ಹಿಡಿದು ಬರಿಗಾಲಿನಲ್ಲಿ ಪಕ್ಕದ ಬಾಗಿಲ ಬಳಿ ನಿಂತಿದ್ದ. ಇಡೀ ಚರ್ಚಿನಲ್ಲಿ ನಿಜವಾಗಿ ನೀರು ಬೇಕಾಗಿದ್ದದ್ದು ಅವನ ಕಾಲಿಗೆ.

ಈ ಸಲದ ಹಬ್ಬದ ಪತ್ರಿಕೆಯ ಕರಡು ನಿನ್ನೆ ಪ್ರೆಸ್ಸಿನಿಂದ ವಾಟ್ಸಾಪ್‌ನಲ್ಲಿ ಬಂತು. ನನ್ನ ಹೆಸರು ಖಜಾಂಚಿಯ ಕೆಳಗಿದೆ. ಎರಡು ಬಾರಿ ದೊಡ್ಡದು ಮಾಡಿ ನೋಡಿದೆ. ಏನು ಅಷ್ಟು ನೋಡುತ್ತಿದ್ದೀರಿ ಎಂದು ಹೆಂಡತಿ ಕೇಳಿದಳು. ಕಾಗುಣಿತ ತಪ್ಪಿದೆಯೇ ನೋಡುತ್ತಿದ್ದೇನೆ ಎಂದೆ.