ಇಷ್ಟೆಲ್ಲ ಪೆಟ್ಟು ತಿಂದ ಮೇಲೂ ಮತ್ತೆ ಯಾಕೆ ಬೆಟ್ಟಕ್ಕೆ ಹೋಗುತ್ತಾರೆ?

ಚಳಿಗಾಲದ ಒಲಿಂಪಿಕ್ಸ್ ಮಾತು ಬಂದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆ ಒಂದೇ. "ಅಲ್ಲ, ಅಷ್ಟು ಸಲ ಬಿದ್ದು ಕೈಕಾಲು ಮುರ್ಕೊಂಡಿದ್ದಾರೆ, ಮತ್ತೆ ಯಾಕೆ ಆ ಬೆಟ್ಟಕ್ಕೇ ಹೋಗ್ತಾರೆ? ಭಯಾನೇ ಆಗಲ್ವಾ ಅವರಿಗೆ?" ಸ್ಕೀ ಮತ್ತು ಸ್ನೋಬೋರ್ಡ್ ಸ್ಪರ್ಧೆಗಳನ್ನು ನಾನು ವರ್ಷಗಳಿಂದ ಬಿಡದೆ ನೋಡುತ್ತೇನೆ. ಹಾಗಾಗಿ ಉತ್ತರ ನನ್ನ ಹತ್ತಿರ ಇದ್ದೇ ಇರುತ್ತದೆ ಅಂತ ಎಲ್ಲರೂ ಅಂದುಕೊಂಡಿದ್ದಾರೆ.

ಮೊದಲೆಲ್ಲ "ಅವರ ಗುಂಡಿಗೆ ಗಟ್ಟಿ" ಅಂತ ಹೇಳಿ ಮಾತು ಮುಗಿಸುತ್ತಿದ್ದೆ. ಈಗ ಹಾಗೆ ಹೇಳುವುದಿಲ್ಲ. ಅದು ತಪ್ಪು ಉತ್ತರ ಅಂತ ಗೊತ್ತಾಗಿದ್ದು ನನ್ನದೇ ಮಂಡಿಯಿಂದ.

ಕೆಲವು ವರ್ಷಗಳ ಹಿಂದೆ ಮೆಟ್ಟಿಲು ಇಳಿಯುವಾಗ ಕಾಲು ತಿರುಚಿ ಮಂಡಿಯೊಳಗಿನ ಲಿಗಮೆಂಟ್ ಹರಿಯಿತು. ಎಸಿಎಲ್ ಅನ್ನುತ್ತಾರಲ್ಲ, ಅದೇ. ಆಪರೇಷನ್ ಆಯಿತು. ಆಮೇಲೆ ತಿಂಗಳುಗಟ್ಟಲೆ ಒಂದೇ ಕೆಲಸ. ಹಾಸಿಗೆಯಲ್ಲಿ ಮಲಗಿ ಕಾಲನ್ನು ಇಷ್ಟೇ ಇಷ್ಟು ಮೇಲೆತ್ತುವುದು, ಹತ್ತು ಎಣಿಸುವುದು, ಇಳಿಸುವುದು. ನೋವು ಒಂದು ದಿನ ಹೋಯಿತು. ಭಯ ಹೋಗಲಿಲ್ಲ. ಇವತ್ತಿಗೂ ಮೆಟ್ಟಿಲು ಕಂಡರೆ ನನ್ನ ಕೈ ತಾನಾಗಿಯೇ ಕಂಬಿ ಹಿಡಿಯುತ್ತದೆ. ನಾನು ಹೇಳಿ ಹಿಡಿಸಿದ್ದಲ್ಲ ಅದು.

ಸ್ಕೀ ಆಟಗಾರರಿಗೆ ಹೆಚ್ಚಾಗಿ ಹರಿಯುವುದೂ ಇದೇ ಲಿಗಮೆಂಟ್. ಅವರ ಬೂಟು ಗಟ್ಟಿ ಪ್ಲಾಸ್ಟಿಕ್‌ನದು, ಪಾದವನ್ನು ಅಲ್ಲಾಡಲೂ ಬಿಡದ ಹಾಗೆ ಬಿಗಿಯಾಗಿರುತ್ತದೆ. ಅದಕ್ಕೆ ಕಟ್ಟಿದ ಸ್ಕೀ, ಬೆಟ್ಟದ ಮೇಲಿಂದ ಅತಿ ವೇಗವಾಗಿ ಇಳಿಯುವ ಡೌನ್‌ಹಿಲ್ ಸ್ಪರ್ಧೆಯಲ್ಲಾದರೆ ಎರಡು ಮೀಟರಿಗಿಂತ ಉದ್ದ. ವೇಗ ಗಂಟೆಗೆ 120 ಕಿಲೋಮೀಟರ್ ದಾಟುತ್ತದೆ. ಕೆಳಗಿರುವುದು ನಾವು ಚಿತ್ರಗಳಲ್ಲಿ ನೋಡುವ ಮೆತ್ತನೆಯ ಹಿಮ ಅಲ್ಲ. ನೀರು ಕುಡಿಸಿ ಗಟ್ಟಿ ಮಾಡಿದ ಮಂಜುಗಡ್ಡೆ. ಬಿದ್ದಾಗ ಸ್ಕೀ ಒಂದು ಕಡೆ ತಿರುಗಿತು, ದೇಹ ಇನ್ನೊಂದು ಕಡೆ ಹೋಯಿತು ಅಂದರೆ ಆ ತಿರುಚೆಲ್ಲ ಬಂದು ಬೀಳುವುದು ಮಂಡಿಗೆ.

ನನಗೆ ಹತ್ತು ಮೆಟ್ಟಿಲಿನ ಭಯವೇ ಹೋಗಿಲ್ಲ. ಅವರಿಗೆ ಆ ಬೆಟ್ಟದ ಭಯ ಹೋಗಿರುತ್ತದೆ ಅಂತ ಹೇಗೆ ನಂಬಲಿ?

ಭಯ ಹೋಗಿರುವುದಿಲ್ಲ. ಅದನ್ನು ಅವರೇ ಹೇಳಿದ್ದಾರೆ. ಮಿಕೇಲಾ ಶಿಫ್ರಿನ್ ಅಮೆರಿಕದ ಸ್ಕೀ ಆಟಗಾರ್ತಿ. ಬೆಟ್ಟದಿಂದ ಇಳಿಯುವ ಆಲ್ಪೈನ್ ಸ್ಕೀಯ ವಿಶ್ವಕಪ್ ಸ್ಪರ್ಧೆಗಳಲ್ಲಿ ಅವರಷ್ಟು ಸಲ ಗೆದ್ದವರು ಗಂಡಸರಲ್ಲೂ ಇಲ್ಲ, ಹೆಂಗಸರಲ್ಲೂ ಇಲ್ಲ. 2024ರ ನವೆಂಬರ್‌ನಲ್ಲಿ ನೂರನೇ ಗೆಲುವಿಗೆ ಹೊರಟಿದ್ದಾಗ ಅಮೆರಿಕದ ಕಿಲ್ಲಿಂಗ್ಟನ್‌ನ ಜಯಂಟ್ ಸ್ಲಾಲಮ್‌ನಲ್ಲಿ, ಅಂದರೆ ನೆಟ್ಟ ಕಂಬಗಳ ನಡುವೆ ತಿರುಗುತ್ತ ಇಳಿಯುವ ಸ್ಪರ್ಧೆಯಲ್ಲಿ, ಬಿದ್ದರು. ಏನೋ ಚೂಪಾದದ್ದು ಚುಚ್ಚಿ ಹೊಟ್ಟೆಯ ಪಕ್ಕದಲ್ಲಿ ಆಳವಾದ ಗಾಯವಾಯಿತು, ಸ್ನಾಯು ಹರಿಯಿತು. ಎರಡು ತಿಂಗಳಲ್ಲಿ ವಾಪಸ್ ಬಂದರು. ಕಂಬಗಳು ಇನ್ನೂ ಹತ್ತಿರ ಹತ್ತಿರ ಇರುವ ಸ್ಲಾಲಮ್ ಆಡಿದರು. 2025ರ ಫೆಬ್ರವರಿ 23ರಂದು ಇಟಲಿಯ ಸೆಸ್ಟ್ರಿಯೇರ್‌ನಲ್ಲಿ ನೂರನೇ ಗೆಲುವೂ ಬಂತು. ಆದರೆ ಅದೇ ತಿಂಗಳ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ತಮ್ಮದೇ ಜಯಂಟ್ ಸ್ಲಾಲಮ್ ಪಟ್ಟವನ್ನು ಉಳಿಸಿಕೊಳ್ಳಲು ಅವರು ಇಳಿಯಲೇ ಇಲ್ಲ. ಆ ಪೆಟ್ಟಿನ ನೆನಪು ಮನಸ್ಸನ್ನು ಹಿಡಿದುಕೊಂಡಿದೆ ಅಂತ ಎಲ್ಲರ ಮುಂದೆ ಹೇಳಿದರು.

ಗಮನಿಸಿ, ಸ್ಲಾಲಮ್ ಆಡಲು ಆಗುತ್ತಿತ್ತು. ಬಿದ್ದಿದ್ದು ಯಾವುದರಲ್ಲೋ ಅದನ್ನು ಮಾತ್ರ ಆಡಲು ಆಗುತ್ತಿರಲಿಲ್ಲ. ಭಯಕ್ಕೆ ಅಷ್ಟು ಚೆನ್ನಾಗಿ ಜಾಗ ನೆನಪಿರುತ್ತದೆ. ನನ್ನ ಕೈಗೆ ಆ ಕಂಬಿ ನೆನಪಿರುವ ಹಾಗೆ.

ಸರಿ, ಧೈರ್ಯ ಅಲ್ಲ ಅಂದರೆ ಪದಕದ ಆಸೆಯಾ? ಹಲವರು ಹಾಗೆ ಅಂದುಕೊಳ್ಳುತ್ತಾರೆ. ನನಗೆ ಅದೂ ಸರಿ ಅನ್ನಿಸುವುದಿಲ್ಲ. ಅಮೆರಿಕದ ಸ್ನೋಬೋರ್ಡ್ ಆಟಗಾರ್ತಿ ಕ್ಲೋಯಿ ಕಿಮ್ ಅವರನ್ನೇ ನೋಡಿ. ಅವರು ಚಿಕ್ಕವರಿದ್ದಾಗ ಅಪ್ಪ ಇಂಜಿನಿಯರ್ ಕೆಲಸ ಬಿಟ್ಟರು. ನಡುರಾತ್ರಿ ಎದ್ದು, ನಿದ್ದೆಗಣ್ಣಿನ ಮಗಳನ್ನು ಕಾರಿನಲ್ಲಿ ಮಲಗಿಸಿಕೊಂಡು ಗಂಟೆಗಟ್ಟಲೆ ಓಡಿಸಿ ಬೆಟ್ಟಕ್ಕೆ ಕರೆದೊಯ್ಯುತ್ತಿದ್ದರು. ಮಗಳು 2018ರಲ್ಲಿ ದಕ್ಷಿಣ ಕೊರಿಯಾದ ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್‌ನಲ್ಲಿ ಸ್ನೋಬೋರ್ಡ್ ಹಾಫ್‌ಪೈಪ್ (ಅರ್ಧ ಕೊಳವೆಯ ಆಕಾರದ ಮಂಜಿನ ಹಾದಿ) ಚಿನ್ನ ಗೆದ್ದಾಗ ವಯಸ್ಸು ಹದಿನೇಳು. ಆಮೇಲೆ ಏನಾಯಿತು ಗೊತ್ತಾ? ಹೋದಲ್ಲೆಲ್ಲ ಜನ ಮುತ್ತಿಕೊಂಡರು. ಸುಮ್ನೆ ಒಂದು ಕಡೆ ತಿರುಗಾಡಲೂ ಆಗದ ಹಾಗಾಯಿತು. ಆ ಚಿನ್ನದ ಪದಕವನ್ನು ಅಪ್ಪ ಅಮ್ಮನ ಮನೆಯ ಕಸದ ಬುಟ್ಟಿಗೆ ಹಾಕಿದ್ದೆ ಅಂತ ಮುಂದೆ ಅವರೇ ಹೇಳಿಕೊಂಡರು. ಬೋರ್ಡ್ ಬಿಟ್ಟು ಕಾಲೇಜಿಗೆ ಹೋದರು. ಹತ್ತಿರ ಹತ್ತಿರ ಎರಡು ವರ್ಷ ಸ್ಪರ್ಧೆ ಇಲ್ಲ. ಆಮೇಲೆ ಮರಳಿ ಬಂದು 2022ರಲ್ಲಿ ಬೀಜಿಂಗ್‌ನಲ್ಲಿ ಮತ್ತೆ ಚಿನ್ನ ಗೆದ್ದರು.

ಕಸದ ಬುಟ್ಟಿಗೆ ಹಾಕಿದ ಪದಕಕ್ಕಾಗಿ ಯಾರಾದರೂ ಮತ್ತೆ ಇಪ್ಪತ್ತೆರಡು ಅಡಿ ಎತ್ತರದ ಮಂಜಿನ ಗೋಡೆಯ ಮೇಲಿಂದ ಗಾಳಿಗೆ ಹಾರುತ್ತಾರಾ? ನನಗಂತೂ ಹಾಗೆ ಅನ್ನಿಸುವುದಿಲ್ಲ. ಆ ಆಟ ಅವರಿಗೆ ಬೇಕಿತ್ತು. ಅದರ ಜೊತೆ ಬಂದ ಗಲಾಟೆ ಬೇಕಿರಲಿಲ್ಲ. ಎರಡನ್ನೂ ಬೇರೆ ಮಾಡಿ ನೋಡಲು ಅವರಿಗೆ ಆ ಬಿಡುವು ಬೇಕಾಯಿತು.

ಹಾಗಾದರೆ ಯಾಕೆ? ವರ್ಷಗಳಿಂದ ಇವರ ಬಗ್ಗೆ ಓದಿ, ನೋಡಿ ನನಗೆ ಅನ್ನಿಸಿರುವುದು ಇಷ್ಟು. ನಾವು ಬೆಟ್ಟವನ್ನು ನೋಡಿ ಪ್ರಶ್ನೆ ಕೇಳುತ್ತೇವೆ. ಉತ್ತರ ಎಷ್ಟೋ ಸಲ ಅವರ ಮನೆಯಲ್ಲಿರುತ್ತದೆ. ಮಾತು ಸರಿಯಾಗಿ ಬರುವ ಮೊದಲೇ ಇವರ ಕಾಲಿಗೆ ಸ್ಕೀ ಕಟ್ಟಿದವರು ಅಪ್ಪ, ಅಮ್ಮ, ತಾತ. ಅವರ ಪಾಲಿಗೆ ಹಿಮ ಅಂದರೆ ತಮ್ಮವರ ಜೊತೆ ಕಳೆದ ಬಾಲ್ಯ. ಅದನ್ನು ಬಿಡುವುದು ಅಂದರೆ ಆಟ ಒಂದನ್ನೇ ಬಿಟ್ಟ ಹಾಗಲ್ಲ.

ಅಮೆರಿಕದ ಸ್ಕೀ ಆಟಗಾರ್ತಿ ಲಿಂಡ್ಸಿ ವಾನ್ ಅವರ ಕಥೆ ನನಗೆ ಅದಕ್ಕೇ ಇಷ್ಟ. 2010ರಲ್ಲಿ ವ್ಯಾಂಕೂವರ್ ಒಲಿಂಪಿಕ್ಸ್‌ನಲ್ಲಿ ಡೌನ್‌ಹಿಲ್ ಚಿನ್ನ ಗೆದ್ದವರು. 2013ರಲ್ಲಿ ಆಸ್ಟ್ರಿಯಾದ ಶ್ಲಾಡ್ಮಿಂಗ್‌ನಲ್ಲಿ ಬಿದ್ದು ಮಂಡಿಯ ಎರಡು ಲಿಗಮೆಂಟ್ ಹರಿದವು, ಮಂಡಿಯ ಕೆಳಗಿನ ಮೂಳೆ ಒಡೆಯಿತು. 2014ರ ಸೋಚಿ ಒಲಿಂಪಿಕ್ಸ್ ಕೈತಪ್ಪಿತು. ಆದರೂ 2018ರಲ್ಲಿ ಪ್ಯೊಂಗ್‌ಚಾಂಗ್‌ಗೆ ಹೋದರು. ಅವರ ತಾತ ಡಾನ್ ಕಿಲ್ಡೋ ಯುವಕರಾಗಿದ್ದಾಗ ಸೈನಿಕರಾಗಿ ಅದೇ ಕೊರಿಯಾದಲ್ಲಿ ಯುದ್ಧಕಾಲದಲ್ಲಿ ದುಡಿದವರು. ಆ ಮನೆಗೆ ಸ್ಕೀ ತಂದವರೂ ಅವರೇ. ಮೊಮ್ಮಗಳು ಅಲ್ಲಿ ಆಡುವುದನ್ನು ನೋಡಬೇಕಿತ್ತು, ಆದರೆ ಒಲಿಂಪಿಕ್ಸ್‌ಗೆ ಮೂರು ತಿಂಗಳ ಮೊದಲು ತೀರಿಕೊಂಡರು. ಲಿಂಡ್ಸಿ ಕಂಚು ಗೆದ್ದರು. ತಾತನ ಅಸ್ಥಿಯ ಒಂದಿಷ್ಟು ಬೂದಿಯನ್ನು ಆ ಬೆಟ್ಟದಲ್ಲೇ ಬಿಟ್ಟು ಬಂದರು.

2019ರಲ್ಲಿ ಅವರು ನಿವೃತ್ತಿ ಹೇಳಿದಾಗ ನಾನೂ ನಿಟ್ಟುಸಿರು ಬಿಟ್ಟೆ. ಇನ್ನು ಬೀಳುವುದಿಲ್ಲವಲ್ಲ ಅಂತ. 2024ರಲ್ಲಿ ಬಲ ಮಂಡಿಯ ಒಂದು ಭಾಗವನ್ನೇ ತೆಗೆದು ಲೋಹದ್ದು ಹಾಕಿಸಿಕೊಂಡು, ನಲವತ್ತರ ವಯಸ್ಸಿನಲ್ಲಿ ಮತ್ತೆ ಸ್ಪರ್ಧೆಗೆ ಇಳಿದರು. ನೋವಿಲ್ಲದೆ ಸ್ಕೀ ಮಾಡಿ ಎಷ್ಟೋ ವರ್ಷವಾಗಿತ್ತು, ಆಗ ಮಾಡಲು ಆಗುತ್ತಿತ್ತು. ಇಷ್ಟೇ ಕಾರಣ ಸಾಕಾಗಿತ್ತು ಅವರಿಗೆ.

ಮತ್ತೆ ಶಿಫ್ರಿನ್ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ನನ್ನ ಕಣ್ಣಿಂದ ಹೋಗದ ಒಂದು ಚಿತ್ರ ಅವರದು. ಅವರ ಅಪ್ಪ ಜೆಫ್ 2020ರ ಫೆಬ್ರವರಿಯಲ್ಲಿ ಮನೆಯಲ್ಲಿ ಆದ ಅವಘಡದಲ್ಲಿ ತೀರಿಕೊಂಡರು. ಮಗಳ ಸ್ಪರ್ಧೆ ಇದ್ದಲ್ಲಿ ಕ್ಯಾಮರಾ ಹಿಡಿದು ನಿಲ್ಲುತ್ತಿದ್ದ ಅಪ್ಪ. ಎರಡು ವರ್ಷ ಕಳೆದು ಬೀಜಿಂಗ್ ಒಲಿಂಪಿಕ್ಸ್ ಬಂತು. ಪದಕಗಳ ರಾಶಿ ಹೊತ್ತು ಬರುತ್ತಾರೆ ಅಂತ ಲೋಕವೆಲ್ಲ ಕಾಯುತ್ತಿತ್ತು. ಮೊದಲ ಸ್ಪರ್ಧೆ ಜಯಂಟ್ ಸ್ಲಾಲಮ್. ಕೆಲವೇ ಗೇಟ್ (ದಾರಿ ತೋರಿಸಲು ನೆಟ್ಟ ಕಂಬಗಳು) ದಾಟುವಷ್ಟರಲ್ಲಿ ಜಾರಿ ಹೊರಗೆ ಹೋದರು. ಎರಡು ದಿನ ಬಿಟ್ಟು ಸ್ಲಾಲಮ್, ಅವರ ಕೈಯಳತೆಯ ಆಟ. ಅದರಲ್ಲೂ ಶುರುವಿನಲ್ಲೇ ಗೇಟ್ ತಪ್ಪಿತು.

ಅವರು ದಾರಿಯ ಅಂಚಿಗೆ ಹೋಗಿ ಹಿಮದ ಮೇಲೆ ಕೂತುಬಿಟ್ಟರು. ಮಂಡಿ ಮಡಚಿ, ತಲೆ ಬಗ್ಗಿಸಿ. ಉಳಿದ ಆಟಗಾರ್ತಿಯರು ಒಬ್ಬೊಬ್ಬರಾಗಿ ಪಕ್ಕದಲ್ಲೇ ಇಳಿದು ಹೋಗುತ್ತಿದ್ದರು. ಇವರು ಏಳಲಿಲ್ಲ. ಬಹಳ ಹೊತ್ತು ಹಾಗೇ ಕೂತಿದ್ದರು. ಕ್ಯಾಮರಾ ಮತ್ತೆ ಮತ್ತೆ ಅವರ ಕಡೆಗೇ ತಿರುಗುತ್ತಿತ್ತು. ನನಗೆ ನೋಡಲು ಆಗಲಿಲ್ಲ. ಅದನ್ನು ಅಷ್ಟು ಹೊತ್ತು ತೋರಿಸಿದ್ದು ತಪ್ಪು ಅಂತ ಈಗಲೂ ಅನ್ನಿಸುತ್ತದೆ. ಆಮೇಲೆ ಮಾತಾಡುವಾಗ, ಈಗ ಅಪ್ಪನಿಗೆ ಒಂದು ಫೋನ್ ಮಾಡಬೇಕು ಅನ್ನಿಸುತ್ತಿದೆ, ಆದರೆ ಅಪ್ಪ ಇಲ್ಲವಲ್ಲ ಅನ್ನುವ ಅರ್ಥದ ಮಾತು ಹೇಳಿದರು. ಇತ್ತ ಫೋನ್ ತುಂಬ ಬೈಗುಳದ ಮೆಸೇಜ್‌ಗಳು ಬಂದಿದ್ದವು. ಅವನ್ನೂ ಅವರು ಜನರ ಮುಂದಿಟ್ಟರು.

ಅಲ್ಲಿಗೆ ಗಂಟುಮೂಟೆ ಕಟ್ಟಿ ಹೊರಟಿದ್ದರೆ ಯಾರೂ ಕೇಳುತ್ತಿರಲಿಲ್ಲ. ಅವರು ಹೋಗಲಿಲ್ಲ. ಡೌನ್‌ಹಿಲ್‌ನಂಥದ್ದೇ ವೇಗದ ಸ್ಪರ್ಧೆ ಸೂಪರ್-ಜಿ ಆಡಿದರು, ಒಂಬತ್ತನೆಯವರಾದರು. ಡೌನ್‌ಹಿಲ್ ಆಡಿದರು, ಹದಿನೆಂಟನೆಯವರಾದರು. ಡೌನ್‌ಹಿಲ್, ಸ್ಲಾಲಮ್ ಎರಡೂ ಸೇರಿದ ಕಂಬೈನ್ಡ್‌ನಲ್ಲಿ ಮತ್ತೆ ಗೇಟ್ ತಪ್ಪಿತು. ಕೊನೆಗೆ ತಂಡದ ಸ್ಪರ್ಧೆ, ಅದರಲ್ಲಿ ನಾಲ್ಕನೆಯ ಸ್ಥಾನ. ಆರು ಸ್ಪರ್ಧೆ, ಒಂದೂ ಪದಕ ಇಲ್ಲ. ಆದರೆ ಆರಕ್ಕೆ ಆರೂ ಸಲ ಆ ಸ್ಟಾರ್ಟ್ ಗೇಟಿನಲ್ಲಿ ಬಂದು ನಿಂತರು. ಅವರ ನೂರು ಗೆಲುವಿಗಿಂತ ಈ ಆರು ದಿನಗಳೇ ನನಗೆ ದೊಡ್ಡವು.

ಎಲ್ಲರೂ ಹೀಗೆ ಮರಳಿ ಬರುವುದನ್ನು ನಾನು ಮೆಚ್ಚುತ್ತೇನೆ ಅಂತಲ್ಲ. ಸ್ಲೊವೇನಿಯಾದ ಪೆತ್ರಾ ಮೈದಿಚ್ 2010ರ ಒಲಿಂಪಿಕ್ಸ್‌ನಲ್ಲಿ ಕ್ರಾಸ್-ಕಂಟ್ರಿ ಸ್ಪ್ರಿಂಟ್‌ಗೆ (ಸ್ಕೀ ಕಟ್ಟಿಕೊಂಡು ಹಿಮದ ಹಾದಿಯಲ್ಲಿ ಓಡುವ ಸ್ಪರ್ಧೆ) ಮೈ ಬಿಸಿ ಮಾಡಿಕೊಳ್ಳುವಾಗ ತಿರುವಿನಲ್ಲಿ ಜಾರಿ ಸುಮಾರು ಮೂರು ಮೀಟರ್ ಆಳದ ಕೊರಕಲಿಗೆ, ಕಲ್ಲುಗಳ ಮೇಲೆ ಬಿದ್ದರು. ಎದ್ದು ಬಂದು ಅದೇ ದಿನ ನಾಲ್ಕು ಸಲ ಓಡಿದರು. ಪ್ರತಿ ಸುತ್ತಿನ ಕೊನೆಗೆ ನೋವಿನಿಂದ ಹಿಮದ ಮೇಲೆ ಕುಸಿಯುತ್ತಿದ್ದರು. ಕಂಚು ಬಂತು, ಅವರ ದೇಶಕ್ಕೆ ಆ ಆಟದಲ್ಲಿ ಮೊದಲ ಒಲಿಂಪಿಕ್ ಪದಕ. ಆಮೇಲೆ ನೋಡಿದರೆ ಐದು ಪಕ್ಕೆಲುಬು ಮುರಿದಿದ್ದವು, ಶ್ವಾಸಕೋಶಕ್ಕೂ ಪೆಟ್ಟಾಗಿತ್ತು. ಆ ಹಟಕ್ಕೆ ನನ್ನ ಕಣ್ಣು ತುಂಬುತ್ತದೆ, ನಿಜ. ಆದರೆ ಯಾರಾದರೂ ಅವರ ಕೈ ಹಿಡಿದು "ಸಾಕು, ಬಿಡು" ಅನ್ನಬೇಕಿತ್ತು ಅಂತಲೂ ಅನ್ನಿಸುತ್ತದೆ. ಎರಡೂ ಒಟ್ಟಿಗೇ ಅನ್ನಿಸುತ್ತದೆ, ಏನು ಮಾಡಲಿ.

ಹಿಂದೆ ಉಳಿದವರ ವಿಷಯ ಬೇರೆಯೇ. 2014ರಲ್ಲಿ ಸೋಚಿಯ 15 ಕಿಲೋಮೀಟರ್ ಕ್ರಾಸ್-ಕಂಟ್ರಿಯಲ್ಲಿ ಪೆರು ದೇಶದ ರಾಬರ್ಟೊ ಕಾರ್ಸೆಲೆನ್, ಪಕ್ಕೆಲುಬಿಗೆ ಪೆಟ್ಟಾಗಿದ್ದರೂ ಓಡಿ ಕೊನೆಯವರಾಗಿ ಗುರಿ ಮುಟ್ಟಿದರು, ಕೈಯಲ್ಲಿ ತಮ್ಮ ದೇಶದ ಬಾವುಟ ಹಿಡಿದು. ಚಿನ್ನ ಗೆದ್ದ ಸ್ವಿಟ್ಜರ್ಲೆಂಡ್‌ನ ಡಾರಿಯೊ ಕೊಲೊನ್ಯಾ ಅಷ್ಟು ಹೊತ್ತೂ ಅಲ್ಲೇ ಕಾದು ನಿಂತಿದ್ದು ಅವರ ಕೈ ಕುಲುಕಿದರು. ಪದಕದ ಲೆಕ್ಕಕ್ಕೆ ಇಬ್ಬರ ನಡುವೆ ಏನೂ ಸಂಬಂಧವಿಲ್ಲ. ಆ 15 ಕಿಲೋಮೀಟರ್ ಎಂಥದ್ದು ಅಂತ ಇಬ್ಬರಿಗೂ ಗೊತ್ತು, ಅಷ್ಟೇ.

ಇಷ್ಟು ಹೇಳಿದ ಮೇಲೂ ಕೆಲವರು ತಲೆ ಅಲ್ಲಾಡಿಸುತ್ತಾರೆ. "ಏನೇ ಹೇಳಿ, ಕೊನೆಗೆ ಗೆಲ್ಲೋಕೇ ಅಲ್ವಾ?" ಅಂತ. ಆಗ ನಾನು ಕೆವಿನ್ ಪಿಯರ್ಸ್ ಬಗ್ಗೆ ಹೇಳುತ್ತೇನೆ.

ಪಿಯರ್ಸ್ ಅಮೆರಿಕದ ಸ್ನೋಬೋರ್ಡ್ ಆಟಗಾರ. ವ್ಯಾಂಕೂವರ್‌ನಲ್ಲಿ ಪದಕ ಗೆಲ್ಲಬಲ್ಲ ಕೆಲವೇ ಹುಡುಗರಲ್ಲಿ ಒಬ್ಬರು. ಒಲಿಂಪಿಕ್ಸ್‌ಗೆ ಇನ್ನು ಒಂದೂವರೆ ತಿಂಗಳು ಇರುವಾಗ, 2009ರ ಡಿಸೆಂಬರ್ 31ರಂದು, ಪಾರ್ಕ್ ಸಿಟಿಯಲ್ಲಿ ಅಭ್ಯಾಸ ಮಾಡುವಾಗ ತಲೆ ಮಂಜುಗಡ್ಡೆಗೆ ಬಡಿಯಿತು. ಹೆಲ್ಮೆಟ್ ಇತ್ತು. ಆದರೂ ಮಿದುಳಿಗೆ ದೊಡ್ಡ ಪೆಟ್ಟಾಯಿತು. ನಡೆಯುವುದನ್ನು ಹೊಸದಾಗಿ ಕಲಿಯಬೇಕಾಯಿತು. ನೋಟ ಕೆಟ್ಟಿತು, ನೆನಪು ಕೈಕೊಡುತ್ತಿತ್ತು. ಇನ್ನೊಂದು ಸಲ ತಲೆಗೆ ಪೆಟ್ಟು ಬಿದ್ದರೆ ಜೀವಕ್ಕೇ ಕುತ್ತು ಅಂತ ಡಾಕ್ಟರುಗಳು ಹೇಳಿದರು. ಸ್ಪರ್ಧೆಯ ಬಾಗಿಲು ಮುಚ್ಚಿತು. ಅದನ್ನು ಒಪ್ಪಿಕೊಳ್ಳಲು ಅವರಿಗೂ ಮನೆಯವರಿಗೂ ಬಹಳ ಕಷ್ಟವಾಯಿತು. ಮುಂದೆ ಅಣ್ಣ ಆಡಂ ಜೊತೆ ಸೇರಿ, ಮಿದುಳಿಗೆ ಪೆಟ್ಟಾದವರಿಗಾಗಿ ಲವ್ ಯುವರ್ ಬ್ರೈನ್ ಅನ್ನುವ ಸಂಸ್ಥೆ ಕಟ್ಟಿದರು.

ಸುಮಾರು ಎರಡು ವರ್ಷದ ಮೇಲೆ, 2011ರ ಡಿಸೆಂಬರ್‌ನಲ್ಲಿ, ಅವರು ಬ್ರೆಕನ್‌ರಿಡ್ಜ್‌ಗೆ ಹೋಗಿ ಮತ್ತೆ ಬೋರ್ಡ್ ಕಟ್ಟಿಕೊಂಡರು. ಎತ್ತರದ ಗೋಡೆ ಇಲ್ಲ, ಗಾಳಿಯಲ್ಲಿ ಸುತ್ತು ಹಾಕುವುದಿಲ್ಲ, ಅಂಕ ಕೊಡುವವರೂ ಇಲ್ಲ. ಸಾಧಾರಣ ಇಳಿಜಾರು, ಮೆತ್ತನೆಯ ಹಿಮ. ಸುತ್ತ ಗೆಳೆಯರು. ಅವರ ಜೊತೆ ನಿಧಾನವಾಗಿ ಇಳಿದುಕೊಂಡು ಬಂದರು.